ಹಳೆ ಪಿಕಪ್ಪಿಗೆ ಹೊಸ ಬಂಪರ್: ಉಪ್ಪುನೀರಿನ ಲೆಕ್ಕ ಮೊದಲು

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಸಾಲಾಗಿ ನಿಂತ ಪಿಕಪ್‌ಗಳ ಹಿಂದುಗಡೆ ಒಮ್ಮೆ ಓಡಾಡಿ ನೋಡಿ. ಮುಂದೆ ಎಲ್ಲ ಚೆಂದ, ಹೂವಿನ ಹಾರ, ಲಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಬಂದರೆ ಬಂಪರ್ ಇರಬೇಕಾದ ಕಡೆ ತುಕ್ಕು ತಿಂದ ಒಂದು ಪಟ್ಟಿ, ಅದನ್ನು ಹಿಡಿದಿಟ್ಟಿರುವುದು ಬೈಂಡಿಂಗ್ ತಂತಿ. ಯಾರೋ ಗುದ್ದಿ ಹೀಗಾದದ್ದಲ್ಲ. ಮೀನಿನ ಐಸ್ ಕರಗಿದ ನೀರು ಮಾಡಿದ ಕೆಲಸ ಇದು. ಹುಬ್ಬಳ್ಳಿಗೆ ಲೋಡ್ ಹೊತ್ತು ಅರಬೈಲ್ ಘಟ್ಟ ಹತ್ತುವಾಗ ಗಾಡಿಯ ಹಿಂಭಾಗ ತಗ್ಗಾಗುತ್ತದಲ್ಲ, ಬಾಡಿಯಲ್ಲಿದ್ದ ಉಪ್ಪುನೀರೆಲ್ಲ ಹಿಂದಕ್ಕೆ ಬಂದು ಬಂಪರ್ ಮೇಲೇ ಸುರಿಯುತ್ತದೆ.

ನಾನು ಮೊದಲ ಸಲ ಮಾಡಿಸಿದ ಬಂಪರ್ ಚೌಕ ಪೈಪಿನದು. ಎರಡೂ ತುದಿಗೆ ಮುಚ್ಚಳ ಬೆಸೆದು, ಕಪ್ಪು ಬಣ್ಣ ಹೊಡೆದು, ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂದುಕೊಂಡಿದ್ದೆ. ನಾಲ್ಕನೇ ಮಳೆಗಾಲ ಮುಗಿದ ಮೇಲೆ ಒಂದು ದಿನ ಹತ್ತಲು ಕಾಲಿಟ್ಟರೆ ಚಪ್ಪಲಿ ಸೀದಾ ಒಳಗೆ ಹೋಯಿತು. ಹೊರಗೆ ಬಣ್ಣ ಹಾಗೇ ಇತ್ತು, ಒಳಗೆ ಚಹಾಪುಡಿ ಹಾಗೆ ತುಕ್ಕು. ಬೆಸುಗೆಯಲ್ಲಿ ಎಲ್ಲೋ ಒಂದು ಸೂಜಿಯಷ್ಟು ತೂತು ಉಳಿದಿತ್ತು, ಅಷ್ಟು ಸಾಕಾಯಿತು ನೋಡಿ. ನಮ್ಮ ಅಂಕೋಲೆಯ ಹಿರಿಯ ವೆಲ್ಡರ್ ಒಬ್ಬರು ಅದನ್ನು ಸುತ್ತಿಗೆಯಿಂದ ತಟ್ಟಿ, "ತಮಾ, ನೀರು ಒಳಗೆ ಹೋಗೂಕೆ ದಾರಿ ಇದ್ರೆ ಹೊರಗೆ ಬರೂಕೂ ಬೇಕಲ್ವಾ" ಅಂದರು. ಎರಡನೇ ಬಂಪರ್ ಮಾಡಿದ್ದು ಆ ಒಂದು ಮಾತಿನ ಮೇಲೆ. ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕಬ್ಬಿಣ ತರುವ ಮೊದಲು

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ಗಾಡಿಯನ್ನು ಬೇಕಾದ ಹಾಗೆ ಬದಲಾಯಿಸುವ ಹಾಗಿಲ್ಲ. ಮುಂದುಗಡೆ ಹಾಕುವ ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ನಾವು ಮಾಡುತ್ತಿರುವುದು ಹಿಂದಿನದು, ಅದೂ ಹಾಳಾದ ಬಂಪರಿನ ಬದಲಿಗೆ. ಆದರೂ ಬಾಡಿಯ ಅಗಲಕ್ಕಿಂತ ಒಂದು ಬೆರಳೂ ಹೊರಗೆ ಚಾಚಬಾರದು, ಚೂಪು ಮೂಲೆ ಇರಬಾರದು, ನಂಬರ್ ಪ್ಲೇಟ್ ಮತ್ತು ಲೈಟ್ ಮುಚ್ಚಬಾರದು. ಹಳೆ ಸರಕು ಗಾಡಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಹೇಗೂ ಮಾಡಿಸಲೇಬೇಕು. ಕೆಎ 30 ಆದರೆ ಕಾರವಾರ, ಕೆಎ 31 ಆದರೆ ಶಿರಸಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರನ್ನು ಮೊದಲೇ ಒಂದು ಮಾತು ಕೇಳಿಬಿಡಿ. ಮಾಡಿ ಆದ ಮೇಲೆ ಬಿಚ್ಚಿಸಿಕೊಳ್ಳುವುದಕ್ಕಿಂತ ಅದು ಮೇಲು.

ಇನ್ನು ಸಮಯ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಗಾಡಿ ಹೇಗೂ ಸುಮ್ನೆ ನಿಂತಿರುತ್ತದೆ, ಆಗಲೇ ಮಾಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಬೇಡ. ಆ ಹಸಿ ಗಾಳಿಯಲ್ಲಿ ಉಜ್ಜಿದ ಕಬ್ಬಿಣ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಕೆಂಪಾಗಿರುತ್ತದೆ, ಬಣ್ಣ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲೋ ಮೇ ಮೊದಲ ವಾರದಲ್ಲೋ ಮೂರು ದಿನ ಬಾಡಿಗೆ ಬಿಟ್ಟು ಮಾಡಿ ಮುಗಿಸಿ.

ಪೈಪ್ ಬೇಡ, ಚಾನೆಲ್ ತನ್ನಿ

ಗುಜರಿಯಲ್ಲಿ ಸಿಕ್ಕಿದ್ದನ್ನೆಲ್ಲ ತರಬೇಡಿ. ನನ್ನ ಆಯ್ಕೆ 100 ಬೈ 50 ಎಂಎಂನ ಸಿ ಚಾನೆಲ್, ಅಂದರೆ ಇಂಗ್ಲಿಷ್ ಸಿ ಅಕ್ಷರದ ಹಾಗೆ ಒಂದು ಬದಿ ತೆರೆದ ಕಬ್ಬಿಣದ ಪಟ್ಟಿ, ಕಬ್ಬಿಣದಂಗಡಿಯಲ್ಲಿ ನಾಲ್ಕಿಂಚಿನ ಚಾನೆಲ್ ಎಂದರೂ ಕೊಡುತ್ತಾರೆ. ಪೈಪಿಗಿಂತ ನೋಟ ಸ್ವಲ್ಪ ಒರಟು, ನಿಜ. ಆದರೆ ಒಳಗೆ ಹೊರಗೆ ಎಲ್ಲ ಕಡೆ ಬ್ರಶ್ ಹೋಗುತ್ತದೆ, ತುಕ್ಕು ಎಲ್ಲಿ ಶುರುವಾದರೂ ಕಣ್ಣಿಗೆ ಬೀಳುತ್ತದೆ. ಅದರ ತೂಕ ಮೀಟರಿಗೆ ಸುಮಾರು ಒಂಬತ್ತೂವರೆ ಕೆ.ಜಿ. ಒಂದೂ ಮುಕ್ಕಾಲು ಮೀಟರಿನ ಒಳಗೇ ಕೆಲಸ ಮುಗಿಯುತ್ತದೆ. ಇದರ ಜೊತೆ ಬ್ರಾಕೆಟ್‌ಗೆ 8 ಎಂಎಂ ಪ್ಲೇಟ್, ಕಾಲಿಡಲು ಒಂದು ಗೇಣು ಅಗಲದ 5 ಎಂಎಂ ಚೆಕರ್ ಪ್ಲೇಟ್, ಕಾಲು ಜಾರದ ಹಾಗೆ ಮೇಲೆ ಉಬ್ಬುಗೆರೆ ಇರುವ ತಗಡು. ಪ್ಲೇಟಿನ ತೂಕ ಲೆಕ್ಕ ಹಾಕುವುದು ಸುಲಭ. ಒಂದು ಚದರ ಮೀಟರ್ ವಿಸ್ತೀರ್ಣದ 1 ಎಂಎಂ ತಗಡು 7.85 ಕೆ.ಜಿ. ಬರುತ್ತದೆ, ದಪ್ಪ ಎಷ್ಟೋ ಅಷ್ಟರಿಂದ ಗುಣಿಸಿದರೆ ಆಯಿತು. ಎಲ್ಲ ಸೇರಿ ಬಂಪರ್ 30 ಕೆ.ಜಿ. ಆಸುಪಾಸಿನಲ್ಲಿ ಇರಲಿ. ಗಟ್ಟಿ ಆಗಲಿ ಎಂದು 60 ಕೆ.ಜಿ. ಮಾಡುವವರಿದ್ದಾರೆ. ಅಷ್ಟು ಭಾರ ಹಿಂದಿನ ಚಕ್ರಕ್ಕಿಂತ ಆಚೆ ನೇತುಬಿದ್ದರೆ ಪಟ್ಟಾ (ಹಿಂದಿನ ಸ್ಪ್ರಿಂಗ್) ಕೂರುತ್ತದೆ, ಖಾಲಿ ಗಾಡಿಯ ಸ್ಟೇರಿಂಗ್ ಹಗುರ ಆಗುತ್ತದೆ, ಹೊರುವ ಮಾಲೂ ಅಷ್ಟು ಕಮ್ಮಿ.

ಸತುವಿನ ಲೇಪ ಇರುವ ಜಿಐ ಪೈಪ್ ತುಕ್ಕು ಹಿಡಿಯುವುದಿಲ್ಲ ಅಲ್ವಾ, ಅದನ್ನೇ ಬೆಸೆದರಾಯಿತು ಎನ್ನುವವರಿಗೆ ಒಂದು ಮಾತು. ಬೆಸೆಯುವ ಜಾಗದಲ್ಲಿ ಸತು ಸುಟ್ಟು ಹೋಗುತ್ತದೆ, ತುಕ್ಕು ಅಲ್ಲೇ ಶುರು. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬೇರೆ.

ಅಳತೆ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಇದೇ, ತಿನ್ನಲಿ ಬಿಡಿ. ಗಾಡಿಯನ್ನು ಸಮತಟ್ಟು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ನೋಡಿ, ಹಳೆ ಬಂಪರ್ ಬಿಚ್ಚಿ. ಬೋಲ್ಟ್ ತಿರುಗುವುದಿಲ್ಲ ಎನ್ನುವುದು ಖಾತ್ರಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ, ಆಗಲೂ ಬಾರದಿದ್ದರೆ ಗ್ರೈಂಡರ್.

ಬೊಲೆರೊ ಪಿಕಪ್ ಇರಲಿ, ಟಾಟಾ 207 ಇರಲಿ, ಅಡಿಯಲ್ಲಿ ಏಣಿಯ ಹಾಗೆ ಎರಡು ಉದ್ದ ಚಾಸಿ ಪಟ್ಟಿ ಇರುತ್ತವೆ. ಬಂಪರ್ ಕೂರುವುದು ಅವುಗಳ ತುದಿಗೆ, ಬಾಡಿಗಲ್ಲ. ಹಳೆ ಬಂಪರ್ ಕೂತಿದ್ದ ತೂತುಗಳನ್ನೇ ಬಳಸಿ. ಚಾಸಿಗೆ ವೆಲ್ಡ್ ಮಾಡಲೇಬೇಡಿ. ಕಾಯ್ದ ಜಾಗ ಗಡುಸಾಗಿ ಅದರ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಮೇಲಾಗಿ ನಾಳೆ ಬಂಪರ್ ಬಿಚ್ಚಲು ಬರುವುದಿಲ್ಲ. ಇನ್ನೊಂದು ತೂತು ಬೇಕೇ ಬೇಕು ಎಂದಾದರೆ ಚಾಸಿಯ ಪಕ್ಕದ ಮೈಯ ನಡುಮಧ್ಯಕ್ಕೆ ಕೊರೆಯಿರಿ, ಮೇಲಿನ ಕೆಳಗಿನ ಅಂಚಿಗೆ ಮಾತ್ರ ಕೈ ಹಚ್ಚಬೇಡಿ.

ತೂತಿನ ಗುರುತು ತೆಗೆಯಲು ಟೇಪ್ ಹಿಡಿದು ಒದ್ದಾಡುವ ಬದಲು ಒಂದು ರಟ್ಟು ತಗೊಳ್ಳಿ. ಚಾಸಿಯ ಮೈಗೆ ಒತ್ತಿ ಹಿಡಿದು, ತೂತಿರುವ ಕಡೆ ಗುಂಡುತಲೆಯ ಸುತ್ತಿಗೆಯಿಂದ ಹಗುರಾಗಿ ತಟ್ಟಿ. ತೂತಿನ ಅಂಚೇ ರಟ್ಟನ್ನು ದುಂಡಗೆ ಕತ್ತರಿಸಿ ಕೊಡುತ್ತದೆ, ಒಂದು ಎಂಎಂ ಆಚೀಚೆ ಆಗುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ರಟ್ಟು ಮಾಡಿ, ಎರಡೂ ಕಡೆ ಒಂದೇ ಇರುತ್ತದೆ ಎಂದು ನಂಬಬೇಡಿ, ಹದಿನೈದು ವರ್ಷ ಲೋಡ್ ಹೊತ್ತ ಗಾಡಿ ಅದು.

ಎತ್ತರ ಎಷ್ಟಿರಬೇಕು? ಖಾಲಿ ಗಾಡಿಯಲ್ಲಿ ಬಂಪರಿನ ಕೆಳ ಅಂಚು ನೆಲದಿಂದ 55 ಸೆಂ.ಮೀ. ದಾಟಬಾರದು, ದೊಡ್ಡ ಲಾರಿಗಳ ಹಿಂದಿನ ಅಡ್ಡಪಟ್ಟಿಗೂ ಇದೇ ಲೆಕ್ಕ. ಹೆಚ್ಚಾದರೆ ಹಿಂದಿನಿಂದ ಬಂದ ಬೈಕ್ ಅಡಿಗೆ ನುಗ್ಗುತ್ತದೆ. ತೀರಾ ಕೆಳಗಾದರೆ ಲೋಡ್ ಇರುವಾಗ ಬಂದರಿನ ಇಳಿಜಾರಿನಲ್ಲಿ ನೆಲ ಕೆರೆಯುತ್ತದೆ. ಹಿಂದಿನ ಬಾಗಿಲನ್ನು ಪೂರ್ತಿ ಇಳಿಬಿಟ್ಟು ನೋಡಿ, ಬಂಪರಿಗೆ ತಾಗದ ಹಾಗೆ ಎರಡು ಬೆರಳು ಜಾಗ ಬೇಕು. ಸ್ಟೆಪ್ನಿ ಇಳಿಸುವ ಹ್ಯಾಂಡಲ್ ಒಳಗೆ ಹೋಗಲು ದಾರಿ ಇದೆಯೇ ಎಂದೂ ಈಗಲೇ ನೋಡಿ. ನನ್ನ ಪರಿಚಯದ ಒಬ್ಬರು ಇದನ್ನು ಮರೆತು, ದೇವಿಮನೆ ಘಟ್ಟದಲ್ಲಿ ಪಂಕ್ಚರ್ ಆದಾಗ ಸುರಿಯುವ ಮಳೆಯಲ್ಲಿ ಬಂಪರ್ ಬಿಚ್ಚಿ ಸ್ಟೆಪ್ನಿ ತೆಗೆದರು.

ಕೊಯ್ದು ಕೂರಿಸುವುದು

ಚಾನೆಲಿನ ಬಾಯಿ ಗಾಡಿಯ ಕಡೆಗೆ, ಚಪ್ಪಟೆ ಬೆನ್ನು ರಸ್ತೆ ಕಡೆಗೆ. ಎರಡೂ ತುದಿಯನ್ನು ಓರೆಯಾಗಿ ಕೊಯ್ದು ಪ್ಲೇಟಿನಿಂದ ಮುಚ್ಚಿ, ದಾಟುವವರ ಮೊಣಕಾಲಿಗೆ ಮೂಲೆ ಸಿಗಬಾರದು. ಈಗ ಚಾನೆಲಿನ ಕೆಳಗಿನ ತುಟಿ ಥೇಟ್ ದೋಣಿಯ ಹಾಗೆ ನೀರು ಹಿಡಿಯುತ್ತದೆ. ಅದಕ್ಕೇ ಆ ತುಟಿಯಲ್ಲಿ ಗೇಣಿಗೊಂದರಂತೆ 12 ಎಂಎಂ ತೂತು ಕೊರೆಯಬೇಕು. ಸಣ್ಣ ತೂತು ಮಾಡಿದರೆ ಒಂದು ಬಂಗಡೆಯ ಹುರುಪೆ ಸಾಕು ಕಟ್ಟಿಕೊಳ್ಳಲು.

ಬ್ರಾಕೆಟ್ ಎಂದರೆ ರಟ್ಟಿನ ಆಕಾರಕ್ಕೆ ಕೊಯ್ದ 8 ಎಂಎಂ ಪ್ಲೇಟ್. ಒಂದು ತುದಿ ಚಾಸಿಯ ಮೈಗೆ ಬೋಲ್ಟ್ ಆಗುತ್ತದೆ, ಇನ್ನೊಂದು ತುದಿ ಚಾನೆಲಿನ ಬಾಯಿಯೊಳಗೆ ಹೋಗಿ ಬೆಸೆದುಕೊಳ್ಳುತ್ತದೆ, ಮೂಲೆಗೆ ಒಂದು ತ್ರಿಕೋನದ ತುಂಡು ಒತ್ತಾಸೆಗೆ. ಬ್ರಾಕೆಟ್ಟಿನ ತೂತುಗಳನ್ನು ಮೇಲೆ ಕೆಳಗೆ ಸ್ವಲ್ಪ ಉದ್ದ ಮಾಡಿ. ಯಾಕೆಂದರೆ ಹಳೆ ಗಾಡಿಯಲ್ಲಿ ಚಾಸಿ ಒಂದು ಮಟ್ಟ, ಬಾಡಿ ಇನ್ನೊಂದು ಮಟ್ಟ. ಚಾಸಿಗೆ ಸರಿಯಾಗಿ ಕೂರಿಸಿದ ಬಂಪರ್ ಹಿಂದೆ ನಿಂತು ನೋಡಿದರೆ ವಾರೆ ಕಾಣುತ್ತದೆ. ನಾನು ಎರಡರ ನಡುವೆ ರಾಜಿ ಮಾಡಿಕೊಂಡೆ. ಒಮ್ಮೆ ಮಟ್ಟ ಸಿಕ್ಕಿದ ಮೇಲೆ ಆ ಉದ್ದ ತೂತಿನ ಮೇಲೆ ದಪ್ಪ ವಾಷರ್ ಇಟ್ಟು ಬ್ರಾಕೆಟ್ಟಿಗೇ ಬೆಸೆದುಬಿಡಿ, ಆಮೇಲೆ ಜಾರುವುದಿಲ್ಲ. ಬೋಲ್ಟ್ 12 ಎಂಎಂನದು, ತಲೆಯ ಮೇಲೆ 8.8 ಎಂದು ಬರೆದಿರಬೇಕು, ಒಂದು ಬದಿಗೆ ಮೂರಾದರೂ ಬೇಕು.

ಬೆಸುಗೆ

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇದನ್ನು ಮರೆತು ಆಲ್ಟರ್ನೇಟರ್ ಸುಟ್ಟುಕೊಂಡವರು ಬಹಳ ಜನ. ವೆಲ್ಡಿಂಗ್ ಮೆಶಿನ್ನಿನ ಅರ್ಥ್ ಕ್ಲಾಂಪನ್ನು ಬಂಪರಿಗೇ ಹಾಕಿ, ಚಾಸಿಯಲ್ಲೆಲ್ಲೋ ದೂರ ಹಾಕಬೇಡಿ. ವೈರಿಂಗ್, ಬ್ರೇಕ್ ಪೈಪ್, ಡೀಸೆಲ್ ಟ್ಯಾಂಕ್ ಇರುವ ಕಡೆ ಹಸಿ ಗೋಣಿಚೀಲ ಹೊದೆಸಿ, ಪಕ್ಕಕ್ಕೆ ಒಂದು ಬಕೆಟ್ ನೀರು ಇಟ್ಟುಕೊಳ್ಳಿ.

ಗಾಡಿಯ ಮೇಲೆ ಮಾಡುವುದು ಟ್ಯಾಕ್ ಮಾತ್ರ, ಅಂದರೆ ಹಿಡಿದಿಡುವಷ್ಟು ಸಣ್ಣ ಚುಕ್ಕಿ ಬೆಸುಗೆ. ಬ್ರಾಕೆಟ್ ಬೋಲ್ಟ್ ಮಾಡಿ, ಚಾನೆಲನ್ನು ಜಾಕಿಯ ಮೇಲೆ ಎತ್ತಿ ಹಿಡಿದು, ಮಟ್ಟ ನೋಡಿ, ಎರಡೂ ಕಡೆ ನಾಲ್ಕು ನಾಲ್ಕು ಟ್ಯಾಕ್ ಹೊಡೆಯಿರಿ. ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಸರಿ ಕಂಡರೆ ಬಿಚ್ಚಿ ನೆಲಕ್ಕೆ ತನ್ನಿ, ಪೂರ್ತಿ ಬೆಸುಗೆ ಅಲ್ಲಿ. 6013 ನಂಬರಿನ 3.15 ಎಂಎಂ ಬೆಸುಗೆ ರಾಡಿಗೆ 100ರಿಂದ 120 ಆಂಪಿಯರ್ ಸಾಕು. ರಾಡಿನ ಪೊಟ್ಟಣ ಒಡೆದು ತಿಂಗಳಾಗಿದ್ದರೆ ನಮ್ಮ ಕರಾವಳಿಯ ಗಾಳಿಗೆ ತಂಪು ಹಿಡಿದಿರುತ್ತದೆ, ಚಟಪಟ ಸಿಡಿದು ಬೆಸುಗೆಯಲ್ಲಿ ತೂತು ಬೀಳುತ್ತದೆ, ಅಂಥದ್ದನ್ನು ಕಾಯಿಸಿ ಒಣಗಿಸಿಯೇ ಬಳಸಿ. ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ. ಎರಡಿಂಚು ಎಡಕ್ಕೆ, ಎರಡಿಂಚು ಬಲಕ್ಕೆ, ಹೀಗೆ ಬದಲಾಯಿಸುತ್ತಾ ಹೋಗಿ, ಇಲ್ಲವಾದರೆ ಚಾನೆಲ್ ಬಾಳೆಕಾಯಿ ಹಾಗೆ ಬಾಗುತ್ತದೆ, ಬ್ರಾಕೆಟ್ ಒಳಕ್ಕೆ ಎಳೆದುಕೊಂಡು ಬೋಲ್ಟ್ ಕೂರುವುದಿಲ್ಲ. ಎರಡು ಬ್ರಾಕೆಟ್ಟಿನ ನಡುವೆ ಅಡ್ಡಕ್ಕೊಂದು ಆಂಗಲ್ ತುಂಡು ಟ್ಯಾಕ್ ಮಾಡಿಟ್ಟರೆ ಈ ಕಾಟ ಕಮ್ಮಿ, ಆರಿದ ಮೇಲೆ ಅದನ್ನು ಕೊಯ್ದು ತೆಗೆದರಾಯಿತು. ಬಿಸಿ ಬೆಸುಗೆಗೆ ನೀರು ಹೊಯ್ಯಬೇಡಿ, ತಾನಾಗಿ ಆರಲಿ. ಬೆಸುಗೆ ಮೇಲೆ ಕಟ್ಟುವ ಕಿಟ್ಟ ಕುಟ್ಟುವಾಗ ಕನ್ನಡಕ ಬೇಕೇ ಬೇಕು. ವೆಲ್ಡಿಂಗ್ ಗೊತ್ತಿಲ್ಲದವರು ಇದನ್ನು ಕಲಿಕೆಯ ಕೆಲಸ ಮಾಡಿಕೊಳ್ಳಬೇಡಿ, ಅಳತೆ, ರಟ್ಟು, ಕೊಯ್ತ ನಿಮ್ಮದು, ಬೆಸುಗೆ ಶಾಪಿನವರದ್ದು ಇರಲಿ.

ಬಣ್ಣ

ಗ್ರೈಂಡರಿಗೆ ವಯರ್ ಬ್ರಶ್ ಹಾಕಿ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಮಾಮೂಲಿ ರೆಡ್ ಆಕ್ಸೈಡ್ ಶಿರಸಿ ಕಡೆ ನಡೆಯಬಹುದು, ಸಮುದ್ರದ ಬದಿಗೆ ಎರಡು ಡಬ್ಬಿ ಕಲಸಿ ಹಚ್ಚುವ ಎಪಾಕ್ಸಿ ಪ್ರೈಮರೇ ಸರಿ. ಮೊದಲು ಅಂಚು, ಬೆಸುಗೆ ಸಾಲು, ತೂತಿನ ಒಳಬದಿಗೆ ಸಣ್ಣ ಬ್ರಶ್ಶಿನಿಂದ ಒಂದು ಕೈ. ಅಂಚಿನಲ್ಲಿ ಬಣ್ಣ ತೆಳು ನಿಲ್ಲುತ್ತದೆ, ತುಕ್ಕು ಬರುವುದೂ ಅಲ್ಲಿಂದಲೇ. ನಂತರ ಇಡೀ ಮೈಗೆ ಎರಡು ಕೈ ಪ್ರೈಮರ್, ಎರಡು ಕೈ ಎನಾಮಲ್. ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಕ್ರೇಟ್ ತಾಗಿ ಒಂದು ಕಡೆ ಚಕ್ಕೆ ಎದ್ದರೆ ಅಡಿಯಲ್ಲೇ ತುಕ್ಕು ಹರಡುತ್ತದೆ, ಗೊತ್ತೇ ಆಗುವುದಿಲ್ಲ. ಬ್ರಶ್ಶಿನ ಬಣ್ಣವಾದರೆ ಭಾನುವಾರ ನಾವೇ ಹಚ್ಚಿಕೊಳ್ಳಬಹುದು.

ಚೆಕರ್ ಪ್ಲೇಟನ್ನು ಬೆಸೆಯದೆ ಬೋಲ್ಟಿನಲ್ಲಿ ಕೂರಿಸಿ, ನಡುವೆ ವಾಷರ್ ಕೊಟ್ಟು. ಎರಡು ಕಬ್ಬಿಣ ಅಂಟಿಕೊಂಡಿರುವ ಸಂದಿಯೇ ಉಪ್ಪುನೀರಿನ ಮನೆ.

ಮರಳಿ ಗಾಡಿಗೆ ಕೂರಿಸಿ ಬೋಲ್ಟ್ ಬಿಗಿಯಿರಿ, ಟಾರ್ಕ್ ರೆಂಚ್ ಇದ್ದರೆ 80 ನ್ಯೂಟನ್ ಮೀಟರ್ ಆಸುಪಾಸು. ಹೊರಗೆ ಉಳಿದ ಮರೆಗೆ ಗ್ರೀಸ್ ಬಳಿಯಿರಿ. ಲೈಟಿನ ವೈರ್ ಹೋಗುವ ತೂತಿಗೆ ರಬ್ಬರ್ ಬಳೆ, ನಂಬರ್ ಪ್ಲೇಟಿಗೆ ಲೈಟ್, ಬೆನ್ನಿಗೆ ಕೆಂಪು ರಿಫ್ಲೆಕ್ಟರ್ ಟೇಪ್. ನಾಲ್ಕೈದು ಲೋಡ್ ಆದ ಮೇಲೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಅರ್ಧ ಸುತ್ತು ತಿರುಗಿಯೇ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೆ ಹೊಳೆದದ್ದು ಒಂದು. ನೀರು ಬಂಪರ್ ಮೇಲೆ ಯಾಕೆ ಬೀಳಬೇಕು? ಬಾಡಿಯ ಹಿಂದಿನ ಮೂಲೆಯಲ್ಲಿ ನೀರು ಸೋರುವ ತೂತಿಗೆ ತೋಟದ ಹಳೆ ಪೈಪಿನ ಎರಡಡಿ ತುಂಡು ಸಿಕ್ಕಿಸಿ, ಕ್ಲಿಪ್ ಹಾಕಿ, ಕೆಳಗೆ ಒಂದು ಕ್ಯಾನಿನೊಳಗೆ ಇಳಿಬಿಟ್ಟೆ. ಈಗ ಬಂಪರ್ ಮೇಲೂ ಇಲ್ಲ, ಹಿಂದೆ ಬರುವ ಬೈಕಿನವರ ಮೇಲೂ ಇಲ್ಲ, ಕ್ಯಾನ್ ತುಂಬಿದಾಗ ಖಾಲಿ ಮಾಡುವುದು ಒಂದು ಕೆಲಸ. ಅದನ್ನು ಮರೆತ ದಿನ ಮಾತ್ರ ಗಾಡಿ ಬಂದದ್ದು ನಾಲ್ಕು ಮನೆ ಆಚೆಯವರಿಗೂ ಗೊತ್ತಾಗುತ್ತದೆ.