ಸ್ನಾಯು ಬೆಳೆಸಲು ನಾನು ಇಟ್ಟುಕೊಂಡಿರುವ ಲೆಕ್ಕ

ಸ್ನಾಯು ಬೆಳೆಯಲು ಮೊದಲು ಅದಕ್ಕೊಂದು ಕಾರಣ ಸಿಗಬೇಕು. ಭಾರ ಎತ್ತುವಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಬಿಗಿತವೇ ಆ ಕಾರಣ. ಊಟ ಒದಗಿಸುವುದು ಕಟ್ಟುವ ಸಾಮಗ್ರಿಯನ್ನು ಮಾತ್ರ. ಹಾಗಾಗಿ ನಾನು ಮೊದಲು ವ್ಯಾಯಾಮವನ್ನು ಸರಿಪಡಿಸಿಕೊಂಡು ಆಮೇಲೆ ತಟ್ಟೆಯ ಕಡೆ ನೋಡುತ್ತೇನೆ. ಪ್ರೋಟೀನ್ ಪುಡಿಯ ಡಬ್ಬಿಯಿಂದ ಶುರು ಮಾಡುವವರೇ ಹೆಚ್ಚು. ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್, ನಡುವೆ ವಿಶ್ರಮಿಸದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್. ಅವರ ಸೆಟ್‌ಗಳನ್ನು ನೋಡಿದರೆ ಇನ್ನೂ ಆರೇಳು ರೆಪ್ ಮಾಡಲು ಸಾಧ್ಯವಿರುವಾಗಲೇ ಬಾರ್ ಕೆಳಗಿಟ್ಟಿರುತ್ತಾರೆ.

ನಾನು ವಾರಕ್ಕೆ ನಾಲ್ಕು ದಿನ ವ್ಯಾಯಾಮ ಮಾಡುತ್ತೇನೆ: ಎರಡು ದಿನ ದೇಹದ ಮೇಲ್ಭಾಗಕ್ಕೆ, ಎರಡು ದಿನ ಕೆಳಭಾಗಕ್ಕೆ. ಪ್ರತಿ ದೊಡ್ಡ ಸ್ನಾಯುವಿಗೆ ವಾರಕ್ಕೆ 10ರಿಂದ 12 ಸೆಟ್. ಅಷ್ಟನ್ನೂ ಒಂದೇ ದಿನ ಮುಗಿಸಲು ಹೋದರೆ ಕೊನೆಯ ನಾಲ್ಕೈದು ಸೆಟ್‌ಗಳಲ್ಲಿ ಎತ್ತುವ ತೂಕವೂ ಬೀಳುತ್ತದೆ, ರೀತಿಯೂ ಕೆಡುತ್ತದೆ. ಎರಡು ದಿನಕ್ಕೆ ಹಂಚಿದರೆ ಎಲ್ಲ ಸೆಟ್‌ಗಳೂ ಕೆಲಸಕ್ಕೆ ಬರುತ್ತವೆ. ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ರೋ (ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವುದು), ಪುಲ್ ಅಪ್ (ಕಂಬಿಗೆ ಜೋತು ದೇಹವನ್ನು ಮೇಲೆಳೆಯುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಭಾರ ಇಳಿಸಿ ಎತ್ತುವುದು), ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ತಳ್ಳುವುದು) ಇವಿಷ್ಟೇ ಬುನಾದಿ. ತೋಳು, ಭುಜದ ಪಕ್ಕ, ಮೀನಖಂಡಕ್ಕೆ ಬೇಕಾದ ಚಿಕ್ಕ ವ್ಯಾಯಾಮಗಳನ್ನು ಕೊನೆಗೆ ಸೇರಿಸಿಕೊಳ್ಳುತ್ತೇನೆ.

ಎಷ್ಟು ರೆಪ್ ಎಂಬುದರ ಬಗ್ಗೆ ಅನಗತ್ಯ ಜಗಳವಿದೆ. ಸೆಟ್ಟನ್ನು ಸೋಲುವ, ಅಂದರೆ ಇನ್ನೊಂದು ರೆಪ್ಪೂ ಸಾಧ್ಯವಾಗದ ಹಂತದ ಹತ್ತಿರಕ್ಕೆ ಒಯ್ದರೆ 5 ರೆಪ್‌ನಿಂದ 30 ರೆಪ್‌ವರೆಗೂ ಸ್ನಾಯು ಬೆಳೆಯುತ್ತದೆ. ಆದರೆ ಸ್ಕ್ವಾಟ್‌ನಲ್ಲಿ 25 ರೆಪ್ ಮಾಡಲು ಹೊರಟರೆ ತೊಡೆಗಿಂತ ಮೊದಲು ಉಸಿರು ಸೋಲುತ್ತದೆ. 5 ರೆಪ್‌ನ ಭಾರಕ್ಕೆ ಕೀಲುಗಳು ಬೇಗ ದೂರು ಹೇಳುತ್ತವೆ. ಆದ್ದರಿಂದ ದೊಡ್ಡ ವ್ಯಾಯಾಮಗಳಿಗೆ 6ರಿಂದ 10, ಚಿಕ್ಕವಕ್ಕೆ 10ರಿಂದ 15 ಇಟ್ಟುಕೊಂಡಿದ್ದೇನೆ. ಇನ್ನೊಂದೆರಡು ರೆಪ್ ಮಾತ್ರ ಸಾಧ್ಯ ಅನ್ನಿಸಿದಾಗ ನಿಲ್ಲಿಸಬೇಕು. ಇದನ್ನು ಅಂದಾಜು ಮಾಡುವುದರಲ್ಲೇ ಹೊಸಬರು ಎಡವುವುದು. ಸ್ನಾಯುವಿನಲ್ಲಿ ಉರಿ ಶುರುವಾದ ತಕ್ಷಣ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾದ ಗುರುತು ಉರಿಯಲ್ಲ: ನೀವು ಪೂರ್ತಿ ಬಲ ಹಾಕುತ್ತಿದ್ದರೂ ತೂಕ ಮೇಲೇರುವ ವೇಗ ತಾನಾಗಿ ನಿಧಾನವಾಗುತ್ತದೆ. ಅಪಾಯವಿಲ್ಲದ ಯಂತ್ರದ ವ್ಯಾಯಾಮವೊಂದರಲ್ಲಿ ಆಗೀಗ ಕೊನೆಯ ಸೆಟ್ಟನ್ನು ನಿಜವಾಗಿ ಸೋಲುವವರೆಗೆ ಮಾಡಿ ನೋಡಿದರೆ ಅಂದಾಜು ಬೇಗ ಕುದುರುತ್ತದೆ.

ತೂಕ ಏರಿಸಲು ನನ್ನ ನಿಯಮ ಸರಳ. 40 ಕಿಲೋದಲ್ಲಿ ಮೂರು ಸೆಟ್ 8, 7, 6 ರೆಪ್ ಬಂತು ಅನ್ನಿ. ಮೂರರಲ್ಲೂ 10 ಆಗುವವರೆಗೆ ಅದೇ 40. ಆದ ಮೇಲೆ 42.5, ಮತ್ತೆ ಕಡಿಮೆ ರೆಪ್‌ಗಳಿಂದ ಆರಂಭ. ಪ್ರತಿ ಸೆಟ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆಯದೆ ಇದು ನಡೆಯುವುದಿಲ್ಲ. ಸೆಟ್‌ಗಳ ನಡುವೆ 2ರಿಂದ 3 ನಿಮಿಷ ವಿಶ್ರಾಂತಿ ಬೇಕು. 45 ಸೆಕೆಂಡಿಗೇ ಎದ್ದರೆ ಬೆವರು ಹೆಚ್ಚು ಬರುತ್ತದೆ, ಮುಂದಿನ ಸೆಟ್‌ನ ರೆಪ್‌ಗಳು ಇಳಿಯುತ್ತವೆ. ಭಾರ ಇಳಿಸುವಾಗ ಸುಮಾರು ಎರಡು ಸೆಕೆಂಡ್ ತಡೆದು ಇಳಿಸಿ, ಸ್ನಾಯು ಪೂರ್ತಿ ಹಿಗ್ಗುವವರೆಗೆ ಹೋಗಿ. ಅರ್ಧ ಸ್ಕ್ವಾಟ್‌ನಲ್ಲಿ ಬಾರ್‌ಗೆ ಹಾಕುವ ತೂಕದ ಪ್ಲೇಟುಗಳು ಹೆಚ್ಚುತ್ತವೆ, ಸ್ನಾಯು ಅಷ್ಟೇ ಹೆಚ್ಚುವುದಿಲ್ಲ.

ಇನ್ನು ಆಹಾರ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್ ನನ್ನ ಗುರಿ. 70 ಕಿಲೋ ಇರುವವರಿಗೆ ಅದು 112 ಗ್ರಾಂ. 2.2 ಗ್ರಾಂ ದಾಟಿಸುವುದರಿಂದ ಹೆಚ್ಚಿನ ಲಾಭ ಕಾಣುವುದಿಲ್ಲ. ಇದನ್ನು ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 28 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಕೋಳಿಯ ಎದೆ ಮಾಂಸದಲ್ಲಿ 30, ಬೇಯಿಸಿದ 100 ಗ್ರಾಂ ಬೇಳೆಯಲ್ಲಿ 9 ಗ್ರಾಂ ಸಿಗುತ್ತದೆ. ಬೇಳೆಯ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ: ಪೊಟ್ಟಣದ ಮೇಲಿರುವ 24 ಗ್ರಾಂ ಒಣ ಬೇಳೆಯದು, ಬೆಂದಾಗ ನೀರು ಸೇರಿ ಅದೇ 100 ಗ್ರಾಂನಲ್ಲಿ ಪ್ರೋಟೀನ್ ಕಡಿಮೆಯಾಗಿರುತ್ತದೆ. ಸಸ್ಯಾಹಾರಿಗಳು ಸೋಯಾ ಮತ್ತು ಹಾಲಿನ ಪದಾರ್ಥಗಳನ್ನು ಹೆಚ್ಚಿಸಿಕೊಂಡು ಗುರಿಯನ್ನು ತುಸು ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಬೇಳೆಕಾಳುಗಳಲ್ಲಿ ಸ್ನಾಯು ಕಟ್ಟಲು ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ (ಪ್ರೋಟೀನ್‌ನ ಘಟಕ) ಪ್ರಮಾಣ ಹಾಲು, ಮೊಟ್ಟೆಗಳಿಗಿಂತ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬ ಮಾತನ್ನು ನಂಬಬೇಡಿ. ದಿನದ ಒಟ್ಟು ಮೊತ್ತವೇ ಮುಖ್ಯ. ಅಕ್ಕಿ, ಗೋಧಿ, ಗೆಡ್ಡೆಗಳಿಗೆ ಹೆದರುವುದೂ ಬೇಡ; ಭಾರದ ಸೆಟ್‌ಗಳಿಗೆ ಇಂಧನ ಸ್ನಾಯುವಿನಲ್ಲಿ ಶೇಖರವಾದ ಗ್ಲೈಕೊಜೆನ್ ಎಂಬ ಸಕ್ಕರೆಯ ರೂಪ, ಅದನ್ನು ತುಂಬುವುದು ಈ ಆಹಾರವೇ. ಪೂರಕಗಳ ಪೈಕಿ ಕ್ರಿಯೇಟಿನ್ ಮೊನೊಹೈಡ್ರೇಟ್ (ಸ್ನಾಯುವಿಗೆ ತಕ್ಷಣದ ಶಕ್ತಿಗೆ ನೆರವಾಗುವ ಪುಡಿ) ದಿನಕ್ಕೆ 3ರಿಂದ 5 ಗ್ರಾಂ ಸಾಕು. ಆರಂಭದಲ್ಲಿ ಏರುವ ಒಂದೆರಡು ಕಿಲೋ ತೂಕ ಹೆಚ್ಚಾಗಿ ನೀರಿನದು.

ಖರ್ಚಾಗುವುದಕ್ಕಿಂತ ದಿನಕ್ಕೆ 250ರಿಂದ 300 ಕ್ಯಾಲೊರಿ ಹೆಚ್ಚು ತಿನ್ನುತ್ತೇನೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ ತೂಕ ನೋಡಿ ಬರೆದಿಟ್ಟು, ವಾರದ ಸರಾಸರಿಯನ್ನು ಮಾತ್ರ ಹೋಲಿಸುತ್ತೇನೆ. ಒಂದು ದಿನದ ತೂಕ ಉಪ್ಪು, ನೀರಿಗೆ ಏರಿಳಿಯುತ್ತದೆ. ಸರಾಸರಿ ವಾರಕ್ಕೆ ದೇಹತೂಕದ ಶೇ. 0.25ರಿಂದ 0.5ರಷ್ಟು ಏರಿದರೆ ಸರಿಯಾಗಿದೆ.

ಎರಡು ಮೂರು ವಾರಕ್ಕೊಮ್ಮೆ ಮೂರನ್ನೂ ಒಟ್ಟಿಗೆ ನೋಡಿ: ನೋಟ್‌ಬುಕ್ಕಿನ ರೆಪ್‌ಗಳು, ತೂಕದ ಸರಾಸರಿ, ಸೊಂಟದ ಸುತ್ತಳತೆ. ರೆಪ್ ಏರುತ್ತಿದ್ದು ತೂಕ ನಿಂತಿದ್ದರೆ ದಿನಕ್ಕೆ 150 ಕ್ಯಾಲೊರಿ ಸೇರಿಸಿ. ತೂಕ, ಸೊಂಟ ಎರಡೂ ಏರುತ್ತಾ ರೆಪ್ ನಿಂತಿದ್ದರೆ ಊಟ ಹೆಚ್ಚಿಸುವುದು ಪರಿಹಾರವಲ್ಲ. ಸೆಟ್‌ಗಳು ಸೋಲಿನ ಹತ್ತಿರ ಹೋಗುತ್ತಿವೆಯೇ, ನಿದ್ದೆ ಏಳು ಗಂಟೆ ಆಗುತ್ತಿದೆಯೇ ಎಂದು ನೋಡಿ. ಎಲ್ಲ ವ್ಯಾಯಾಮಗಳಲ್ಲೂ ಒಟ್ಟಿಗೆ ರೆಪ್ ಇಳಿಯುತ್ತಿದ್ದು ಕೀಲುಗಳು ನೋಯುತ್ತಿದ್ದರೆ ದಣಿವು ಕೂಡಿಬಿದ್ದಿದೆ ಎಂದರ್ಥ: ಒಂದು ವಾರ ಸೆಟ್‌ಗಳನ್ನು ಅರ್ಧಕ್ಕಿಳಿಸಿ, ಆದರೆ ಪ್ರೋಟೀನ್ ಮತ್ತು ಕ್ಯಾಲೊರಿಯನ್ನು ಇಳಿಸಬೇಡಿ.