ಅದಿರಿನ ಕಬ್ಬಿಣಕ್ಕೆ ಸಮಾನ ತೂಕ: ಭಾಗಿಸೋದು ಮೂರರಿಂದಲೋ ಒಂದರಿಂದಲೋ?

ಬಳ್ಳಾರಿ ಜಿಲ್ಲೆಯ ಸಂಡೂರು ಕಡೆಯ ಕಬ್ಬಿಣದ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಅದಿರಿನ ಬೆಲೆ ನಿಂತಿರುವುದೇ ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಅನ್ನುವುದರ ಮೇಲೆ. ಅದನ್ನು ಲೆಕ್ಕ ಹಾಕಲು ಕಬ್ಬಿಣದ ಸಮಾನ ತೂಕ ಬೇಕು, ಅಂದರೆ ಕ್ರಿಯೆಯಲ್ಲಿ ಒಂದು ಎಲೆಕ್ಟ್ರಾನ್ ಪಾಲಿಗೆ ಬರುವ ತೂಕ. ಕಬ್ಬಿಣದ ಪರಮಾಣು ತೂಕ 55.85; ನಮ್ಮ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಹೊಸದಾಗಿ ಸೇರಿದ ಬಿ.ಎಸ್‌ಸಿ. ಹುಡುಗರು ಕೇಳುವ ಪ್ರಶ್ನೆ ಒಂದೇ: "ಹೆಮಟೈಟ್‌ನ್ಯಾಗ ಕಬ್ಬಿಣ ಪ್ಲಸ್ ಮೂರು ಅಲ್ಲೇನ್ರಿ ಸರ್? 55.85ನ್ನ ಮೂರರಿಂದ ಭಾಗಿಸಿದ್ರ 18.6 ಬರ್ತೈತಿ. ನೀವ್ಯಾಕ ಭಾಗಿಸೋದೇ ಇಲ್ಲ?"

ಹುಡುಗನ ಲೆಕ್ಕ ಸುಳ್ಳಲ್ಲ. ಹೆಮಟೈಟ್‌ನಲ್ಲಿ ಆಕ್ಸಿಜನ್ ಮೂರು, ಪ್ರತಿಯೊಂದಕ್ಕೂ ಮೈನಸ್ ಎರಡು, ಒಟ್ಟು ಮೈನಸ್ ಆರು. ಅದನ್ನು ಸರಿದೂಗಿಸಲು ಇರುವ ಎರಡು ಕಬ್ಬಿಣಕ್ಕೆ ತಲಾ ಪ್ಲಸ್ ಮೂರು. ಇದೇ ಅದರ ಉತ್ಕರ್ಷಣ ಸ್ಥಿತಿ. ಆಕ್ಸಿಜನ್ನಿನ ಸಮಾನ ತೂಕವಾದ 8 ಗ್ರಾಂ ಜೊತೆ 18.6 ಗ್ರಾಂ ಕಬ್ಬಿಣ ಕೂಡುತ್ತದೆ, ಅದೂ ಸರಿ. ಆದರೆ ನಮ್ಮ ಬ್ಯುರೆಟ್ಟಿನ ಕೆಳಗೆ ಆ ಕ್ರಿಯೆ ನಡೆಯುವುದೇ ಇಲ್ಲ.

ನಡೆಯುವುದು ಹೀಗೆ. 0.2 ಗ್ರಾಂ ಅದಿರಿನ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸುತ್ತೇನೆ. ದ್ರಾವಣ ಹಳದಿ. ಬಿಸಿಯಿದ್ದಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿ ಹನಿಯಾಗಿ ಬಿಡುತ್ತೇನೆ. ಹಳದಿ ಹೋಗಿ ತಿಳಿಯಾದ ಮೇಲೆ ಒಂದೆರಡು ಹನಿ ಮಾತ್ರ ಹೆಚ್ಚಿಗೆ. ಈಗ ಕಬ್ಬಿಣವೆಲ್ಲ ಪ್ಲಸ್ ಎರಡಕ್ಕೆ ಇಳಿದಿದೆ. ತಣ್ಣಗಾಗಿಸಿ, ಹೆಚ್ಚುಳಿದ ಸ್ಟ್ಯಾನಸ್ ಕಳೆಯಲು ಮರ್ಕ್ಯುರಿಕ್ ಕ್ಲೋರೈಡ್ ಹಾಕಿದರೆ ರೇಷ್ಮೆಯಂಥ ಬಿಳಿ ಗಸಿ ತೆಳುವಾಗಿ ಏಳಬೇಕು. ಬೂದು ಬಣ್ಣ ಬಂತೋ, ಸ್ಟ್ಯಾನಸ್ ಹೆಚ್ಚಾಗಿದೆ, ಆ ಫ್ಲಾಸ್ಕ್ ಚೆಲ್ಲಿ ಹೊಸದಾಗಿ ತೂಗುವುದೇ ಸೈ. (ಪಾದರಸದ ಉಪ್ಪು ವಿಷ. ಆ ತ್ಯಾಜ್ಯವನ್ನು ಸಿಂಕಿಗೆ ಬಿಡಲು ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ.) ಆಮೇಲೆ ಸಲ್ಫ್ಯೂರಿಕ್-ಫಾಸ್ಫಾರಿಕ್ ಆಮ್ಲದ ಮಿಶ್ರಣ, ಬಣ್ಣದಿಂದ ಕೊನೆ ತೋರಿಸುವ ಸೂಚಕ, ಕೊನೆಗೆ ಬ್ಯುರೆಟ್ಟಿನಿಂದ ಅಳೆದು ಹನಿಸುವ ಪೊಟ್ಯಾಸಿಯಂ ಡೈಕ್ರೋಮೇಟ್. ಇದೇ ಟೈಟ್ರೇಶನ್. ಹಸಿರು ಒಂದೇ ಹನಿಗೆ ನೇರಳೆಗೆ ತಿರುಗುತ್ತದೆ.

ಆ ಟೈಟ್ರೇಶನ್‌ನಲ್ಲಿ ಕಬ್ಬಿಣ ಹೋಗಿದ್ದು ಎರಡರಿಂದ ಮೂರಕ್ಕೆ. ಬಿಟ್ಟಿದ್ದು ಒಂದೇ ಎಲೆಕ್ಟ್ರಾನ್. ಹಾಗಾಗಿ ಸಮಾನ ತೂಕ 55.85. ಉತ್ಕರ್ಷಣ ಸ್ಥಿತಿ ಎಷ್ಟಿದೆ ಅನ್ನುವುದಲ್ಲ, ಎಷ್ಟು ಬದಲಾಯಿತು ಅನ್ನುವುದೇ ಭಾಜಕ.

ಡೈಕ್ರೋಮೇಟಿಗೂ ಇದೇ ನ್ಯಾಯ. ಕ್ರೋಮಿಯಂ ಆರರಿಂದ ಮೂರಕ್ಕೆ ಇಳಿಯುತ್ತದೆ. ಅಣುವಿನಲ್ಲಿ ಎರಡು ಕ್ರೋಮಿಯಂ ಇರುವುದರಿಂದ ಬದಲಾವಣೆ ಆರು. ಅಣು ತೂಕ 294.2 ಭಾಗಿಸು ಆರು, ಸುಮಾರು 49.03. ಲೀಟರಿಗೆ ಸಮಾನ ತೂಕದಷ್ಟು ಗ್ರಾಂ ಇದ್ದರೆ ಒಂದು ನಾರ್ಮಲ್; 4.903 ಗ್ರಾಂ ಕರಗಿಸಿದರೆ 0.1 ನಾರ್ಮಲ್. ಅದರ ಪ್ರತಿ ಮಿಲಿಲೀಟರಿಗೆ 5.585 ಮಿಲಿಗ್ರಾಂ ಕಬ್ಬಿಣ. 0.2 ಗ್ರಾಂ ಅದಿರಿಗೆ 23 ಮಿಲಿಲೀಟರ್ ಹಿಡಿಯಿತೆಂದರೆ ಕಬ್ಬಿಣ 128.5 ಮಿಲಿಗ್ರಾಂ, ಅಂದರೆ ಶೇ. 64.2. ಹುಡುಗನ 18.6 ಹಾಕಿ ನೋಡಿ: ಶೇ. 21.4! ಒಳ್ಳೆ ಅದಿರನ್ನು ಕಸವೆಂದು ಬರೆದುಕೊಟ್ಟಂತೆ.

ಈಗಿನ ಪಠ್ಯಗಳು ಮೋಲ್ ಲೆಕ್ಕದ ಕಡೆ ವಾಲಿವೆ, ಸರಿಯೇ. ಆದರೂ ನಮ್ಮ ಬಾಟಲಿಗಳ ಮೇಲೆ ನಾರ್ಮಾಲಿಟಿಯೇ ಇದೆ. ಅದಕ್ಕೇ ಪರ್ಮಾಂಗನೇಟಿನ ಬಾಟಲಿಗೆ ಚೀಟಿ ಅಂಟಿಸುವಾಗ ಮಾಧ್ಯಮವನ್ನೂ ಬರೆಸುತ್ತೇನೆ. ಆಮ್ಲದಲ್ಲಿ ಮ್ಯಾಂಗನೀಸ್ ಏಳರಿಂದ ಎರಡಕ್ಕೆ, ಸಮಾನ ತೂಕ 31.6. ತಟಸ್ಥ ದ್ರಾವಣದಲ್ಲಿ ಏಳರಿಂದ ನಾಲ್ಕಕ್ಕೆ, 52.7. ತೀವ್ರ ಕ್ಷಾರದಲ್ಲಿ ಏಳರಿಂದ ಆರಕ್ಕಷ್ಟೇ, ಆಗ ಅಣು ತೂಕ ಪೂರ್ತಿ, 158. ಆಮ್ಲಕ್ಕೆಂದು ಮಾಡಿದ 0.1 ನಾರ್ಮಲ್ ದ್ರಾವಣ ತೀವ್ರ ಕ್ಷಾರದಲ್ಲಿ 0.02 ನಾರ್ಮಲ್ ಮಾತ್ರ.