ಮೂವರಿಂದ ಮೂವತ್ತು ಮಂದಿಯ ಗುಂಪು ಕಟ್ಟಿದ ನನ್ನ ಅನುಭವ

ನನ್ನ ಫೈಟಿಂಗ್ ಗೇಮಿನಲ್ಲಿ ಕೊನೆಯ ಖಳನಿಗಿಂತ ಮೊದಲು ಹೆಸರಿಲ್ಲದ ಮೂವತ್ತು ಮಂದಿ ಎದುರಾಳಿಗಳು ಆಟಗಾರನ ಮೇಲೆ ಮುಗಿಬೀಳಬೇಕೆಂದು ಮೊದಲ ದಿನವೇ ನಿಶ್ಚಯಿಸಿದ್ದೆ. 1999ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಎಂಬ ವಿಡಿಯೋ ಗೇಮಿನಲ್ಲಿ ಕೊನೆಯ ಖಳನಾದ ಮಾಸ್ಟರ್ ಹ್ಯಾಂಡ್‌ಗೆ ಮುಂಚೆ ಬರುವ, ಮುಖವಿಲ್ಲದ ನೇರಳೆ ಬಣ್ಣದ ಆಕೃತಿಗಳ ಪಾಲಿಗನ್ ತಂಡದೊಂದಿಗೆ ಕಾದಾಡಿದವರಿಗೆ ನನ್ನ ಆಸೆ ಅರ್ಥವಾಗುತ್ತದೆ.

ಮೊದಲ ಪ್ರಯತ್ನದಲ್ಲಿ ಏಳು ಬಗೆಯ ಪುಂಡರ 3ಡಿ ಮಾಡೆಲ್‌ಗಳನ್ನು ಮಾಡಿಸಿದೆ. ಒಂದಕ್ಕೆ ಆರು ಸಾವಿರದಂತೆ ನಲವತ್ತು ಸಾವಿರದಷ್ಟು ಹಣ ಹೋಯಿತು. ಹನ್ನೆರಡು ಮಂದಿಯನ್ನು ಒಟ್ಟಿಗೆ ಇಳಿಸಿದಾಗ ನನ್ನ 3 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಫ್ರೇಮ್, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಅರುವತ್ತರಿಂದ ಇಪ್ಪತ್ತರ ಆಸುಪಾಸಿಗೆ ಕುಸಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲರಿಗೂ ಮುಖ, ಬಟ್ಟೆ ಇದ್ದುದರಿಂದ ನಾಯಕ ಯಾರೆಂದೇ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಲರೂ ಏಕಕಾಲಕ್ಕೆ ಹೊಡೆಯುತ್ತಿದ್ದ ಕಾರಣ ಬಿದ್ದವನು ಏಳುವಷ್ಟರಲ್ಲಿ ಮತ್ತೆ ಏಟು ತಿನ್ನುತ್ತಿದ್ದ. ಆಡಿ ನೋಡಿದ ಗೆಳೆಯರು ಎರಡೇ ನಿಮಿಷದಲ್ಲಿ ಫೋನ್ ಕೆಳಗಿಟ್ಟರು.

ಆಗ 1999ರ ಆ ಹಳೆಯ ಆಟಕ್ಕೇ ಮರಳಿದೆ. ಅಲ್ಲಿ ಪಾಲಿಗನ್‌ಗಳಿಗೆ ವಿಶೇಷ ಪಟ್ಟುಗಳಿಲ್ಲ, ಮತ್ತು ಕಣದಲ್ಲಿ ಒಟ್ಟು ನಾಲ್ವರಿಗಷ್ಟೇ ಜಾಗವಿರುವುದರಿಂದ ಒಮ್ಮೆಗೆ ಮೂವರಿಗಿಂತ ಹೆಚ್ಚು ಬರುವುದಿಲ್ಲ. ಅದೇ ಸರಣಿಯ 2001ರ ಮೆಲೀ ಆಟದಲ್ಲಂತೂ ಪಾಲಿಗನ್‌ಗಳ ಜಾಗದಲ್ಲಿ ಬರುವ ವೈರ್ ಫ್ರೇಮ್ ಎಂಬ ಎದುರಾಳಿಗಳಿಗೆ ಒಂದು ಗಂಡು, ಒಂದು ಹೆಣ್ಣು, ಎರಡೇ ಮೈಕಟ್ಟು. ನಾನೂ ಏಳು ಮಾಡೆಲ್‌ಗಳನ್ನು ಬದಿಗಿಟ್ಟು, ನಾಯಕ ಮತ್ತು ನಾಯಕಿಯ ಅಸ್ಥಿಪಂಜರ (ಮಾಡೆಲನ್ನು ಅಲುಗಾಡಿಸುವ ಒಳಗಿನ ಮೂಳೆಗಳ ಚೌಕಟ್ಟು) ಹಾಗೂ ಆನಿಮೇಷನ್‌ಗಳನ್ನೇ ಬಳಸಿ, ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಇಲ್ಲದ ಬೂದು ಬಣ್ಣದ ಎರಡು ಆಕೃತಿಗಳನ್ನು ನಾನೇ ಮಾಡಿಕೊಂಡೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

"ಮೂವರು ನಿಂತರೆ ಅದು ಜಗಳ, ಗುಂಪಲ್ಲ ಮಾರಾಯ" ಎಂದು ನನ್ನ ಪ್ರೋಗ್ರಾಮರ್ ಗೆಳೆಯ ಒಪ್ಪಲೇ ಇಲ್ಲ. ಉತ್ತರವಿದ್ದುದು ಸಂಖ್ಯೆಯಲ್ಲಲ್ಲ, ಬಿದ್ದವನ ಜಾಗಕ್ಕೆ ಹೊಸಬನನ್ನು ತುಂಬುವ ವೇಗದಲ್ಲಿ. ಮೊದಲು ಒಬ್ಬ ಸತ್ತು ನಲವತ್ತೈದು ಫ್ರೇಮ್‌ಗಳಾದ ಮೇಲೆ ಮುಂದಿನವನನ್ನು ಕಳಿಸುತ್ತಿದ್ದೆ. ಆ ಬಿಡುವಿನಲ್ಲಿ ಆಟಗಾರ ಉಸಿರು ಬಿಡುತ್ತಿದ್ದ, ಗುಂಪು ಕರಗುತ್ತಿತ್ತು. ಈಗ ಏಟು ತಿಂದವನು ಇನ್ನೂ ಗಾಳಿಯಲ್ಲಿ ತಿರುಗುತ್ತಿರುವಾಗಲೇ ಹೊಸಬನ ಕಾಲು ಆಟಗಾರನ ಬೆನ್ನ ಹಿಂದೆ ನೆಲ ಮುಟ್ಟುತ್ತದೆ. ಹೊಡೆಯುವ ಹಕ್ಕು ಒಬ್ಬನಿಗೆ ಮಾತ್ರ. ಉಳಿದಿಬ್ಬರು ಒದೆತಕ್ಕೆ ಸಿಗದಷ್ಟೇ ದೂರದಲ್ಲಿ ಅರ್ಧ ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿರುತ್ತಾರೆ. ಆ ಹಕ್ಕು ಕೈ ಬದಲಾಗುವ ಲೆಕ್ಕವನ್ನು ಮಾತ್ರ ನಾನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅದಕ್ಕೆ ನಾನು ಮೂರು ತಿಂಗಳು ತೆತ್ತಿದ್ದೇನೆ.

ನಡುವೆ, ಅದೇ ಸರಣಿಯ 2008ರ ಬ್ರಾಲ್ ಆಟದ ಅಲಾಯ್ ಎಂಬ ಎದುರಾಳಿಗಳಂತೆ ಕೆಂಪು, ನೀಲಿ, ಹಳದಿ, ಹಸಿರು ಬಣ್ಣಗಳನ್ನೂ ಪ್ರಯೋಗಿಸಿದೆ. ನೋಡಲು ಚೆನ್ನಾಗಿತ್ತು, ಆದರೆ ಆಟಗಾರರು ಬಣ್ಣ ನೋಡಿ ಒಬ್ಬೊಬ್ಬರನ್ನೇ ಎಣಿಸತೊಡಗಿದ್ದರಿಂದ ಬೂದು ಬಣ್ಣಕ್ಕೇ ಹಿಂತಿರುಗಿದೆ. ಎದುರಾಳಿಗಳ ತೂಕವನ್ನು ನಾಯಕನ ಅರ್ಧಕ್ಕೆ ಇಳಿಸಿದ್ದು ಮಾತ್ರ ಉಳಿದುಕೊಂಡಿತು, ಏಕೆಂದರೆ ಒಂದು ಒಳ್ಳೆಯ ಒದೆತಕ್ಕೆ ಒಬ್ಬ ಹಾರಿಹೋಗದಿದ್ದರೆ ಮೂವತ್ತು ಮಂದಿ ಬೇಸರ ತರಿಸುತ್ತಾರೆ.

ಫ್ರೇಮ್ ಈಗ ಅದೇ ಫೋನಿನಲ್ಲಿ ಐವತ್ತೈದಕ್ಕಿಂತ ಕೆಳಗಿಳಿಯುವುದಿಲ್ಲ. ಕಳೆದ ವಾರ ಅದೇ ಪ್ರೋಗ್ರಾಮರ್ ಗೆಳೆಯ ಆ ಹಂತವನ್ನು ಆಡಿ ಮುಗಿಸಿ, ಒಂದು ಕ್ಷಣದಲ್ಲಿ ಎಂಟು ಮಂದಿಯಾದರೂ ತನ್ನನ್ನು ಸುತ್ತುವರಿದಿದ್ದರೆಂದು ಪಟ್ಟು ಹಿಡಿದ. ನಾನು ರೆಕಾರ್ಡಿಂಗ್ ಹಾಕಿ, ಅವನು ಹೇಳಿದ ಜಾಗದಲ್ಲಿ ನಿಲ್ಲಿಸಿ ತೋರಿಸಿದೆ: ಇದ್ದವರು ಮೂವರು.